ಸತುವಿನ ಬಕೆಟ್ಟು

ನನ್ನ ಗಂಡ ಡೆಲ್ಮರ್ ರಿಟೈರಾದ ಮೇಲೆ ಮೀನು ಹಿಡಿಯುತ್ತಾನೆ, ತೋಟ ಮಾಡುತ್ತಾನೆ ಅಂದುಕೊಂಡಿದ್ದೆ. ನನ್ನ ಕರ್ಮ, ಅವನು ಒಂದು ಸೆಂಟಿನ ನಾಣ್ಯಗಳಿಗೆ ಗಂಟುಬಿದ್ದ. ಪ್ರತಿ ಸೋಮವಾರ ಬ್ಯಾಂಕಿಗೆ ಇಪ್ಪತ್ತೈದು ಡಾಲರ್ ಕೊಟ್ಟು ಎರಡೂವರೆ ಸಾವಿರ ಸೆಂಟುಗಳ ಪೆಟ್ಟಿಗೆ ಹೊತ್ತು ತಂದು ನನ್ನ ಊಟದ ಮೇಜಿನ ಮೇಲೆ ಸುರಿಯುತ್ತಾನೆ. ಹಳೆಯವು ತಾಮ್ರ, ಮೂರು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತವೆ, ಲೋಹದ ಬೆಲೆಯೇ ಒಂದು ಸೆಂಟಿಗಿಂತ ಜಾಸ್ತಿ. ಹೊಸವು ಒಳಗೆಲ್ಲ ಸತು, ಮೇಲೊಂದಿಷ್ಟು ತಾಮ್ರದ ಲೇಪ, ಎರಡೂವರೆ ಗ್ರಾಂ. ತಾಮ್ರದವು ನೆಲಮಾಳಿಗೆಗೆ, ಸತುವಿನವು ಬಕೆಟ್ಟಿಗೆ, ಬಕೆಟ್ಟು ಊರಾಚೆಯ ಇನ್ನೊಂದು ಬ್ಯಾಂಕಿಗೆ. ಹೋಗಲಿ, ಆ ತಾಮ್ರವನ್ನು ಕರಗಿಸಿ ಮಾರಬಹುದೇ? ಸರ್ಕಾರ ಕೂಡದು ಎಂದಿದೆ. "ಮತ್ಯಾಕೆ ಮಾರಾಯಾ ಈ ಒದ್ದಾಟ?" ಎಂದರೆ "ಕಾನೂನು ಬದಲಾಗತ್ತೆ, ನೋಡ್ತಿರು ವರ್ನಾ" ಎನ್ನುತ್ತಾನೆ. ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೇನೆ.

ಇಸವಿ ನೋಡಿದರೆ ಯಾವುದು ತಾಮ್ರ, ಯಾವುದು ಸತು ಎಂದು ತಿಳಿಯುತ್ತದೆ. ಎಂಬತ್ತೆರಡರದ್ದೊಂದೇ ತಕರಾರು. ಆ ವರ್ಷ ಟಂಕಸಾಲೆಯವರು ಎರಡೂ ಬಗೆ ಹೊಡೆದರು. ಅವನ್ನು ತೂಗಿಯೇ ತಿಳಿಯಬೇಕು. ಈ ಮಹಾಶಯ ತೂಗುವವನಲ್ಲ, ಮೇಜಿನ ಮೇಲೆ ಬೀಳಿಸಿ ಕೇಳುವವನು. ತಾಮ್ರ ಟಿಣ್ಣೆನ್ನುತ್ತದೆ, ಸತು ಟಕ್ಕೆಂದು ಸುಮ್ಮನಾಗುತ್ತದೆ. ಎರಡು ವರ್ಷದ ಹಿಂದೆ ನಾಣ್ಯ ಸಂಘದವರ ಮುಂದೆ ಕಣ್ಣು ಕಟ್ಟಿಸಿಕೊಂಡು ಕೂತು ಐವತ್ತಕ್ಕೆ ಐವತ್ತೂ ಸರಿ ಹೇಳಿದ್ದ. ಅಲ್ಲಿಂದ ಆ ಕಿವಿಯ ಜಂಬ ಕೇಳಬೇಡಿ.

ಈ ಫೆಬ್ರವರಿಯಲ್ಲಿ ನಾನು ಚರ್ಚಿಗೆ ಹೋಗಿದ್ದಾಗ ಮಗಳು ಮಾರ್ಲಾ ಕೊಲಂಬಸ್ಸಿನಿಂದ ಫೋನ್ ಮಾಡಿದ್ದಳು. ಮೂವತ್ತೆಂಟನೇ ವಯಸ್ಸಿನಲ್ಲಿ ನಿಂತಿದ್ದ ಗರ್ಭ ಹೋಗಿತ್ತು. "ಅಪ್ಪಾ, ಮಗು ಉಳೀಲಿಲ್ಲ" ಎಂದಳಂತೆ. ಇವನು "ಒಳ್ಳೇದೇ ಆಯ್ತು ಬಿಡು" ಎಂದು ಫೋನಿಟ್ಟನಂತೆ. ಅಂದಿನಿಂದ ಅವಳು ಅಪ್ಪನ ಜತೆ ಮಾತು ಬಿಟ್ಟಳು. ಇವನನ್ನು ಕೇಳಿದರೆ, "ಅವಳ ಕಾರು ಗ್ಯಾರೇಜಲ್ಲಿತ್ತಲ್ಲ, ರಿಪೇರಿ ಆಯ್ತು ಅಂದ್ಲು, ಒಳ್ಳೇದಾಯ್ತು ಅಂದೆ. ಈಗ ಕತೆ ಕಟ್ತಿದಾಳೆ!" ಅಂಥ ಕತೆ ಯಾವ ಹೆಣ್ಣಾದರೂ ಕಟ್ಟುತ್ತಾಳೆಯೇ?

"ಡಾಕ್ಟರಿಗೆ ಕಿವಿ ತೋರಿಸು" ಎಂದು ಅಂಗಲಾಚಿದೆ.

"ಸೆಂಟಿನ ಸದ್ದು ಕೇಳಿ ಲೋಹ ಹೇಳೋನನ್ನ ಕಿವುಡ ಅಂತೀಯಲ್ಲೇ! ತಾಯಿ ಮಗಳು ಇಬ್ರೂ ಬಾಯೊಳಗೇ ಮಾತಾಡ್ತೀರಿ, ತಪ್ಪು ನಂದಾ?"

ಐವತ್ತಕ್ಕೆ ಐವತ್ತು ಹೇಳಿದ ಕಿವಿ ಕೆಟ್ಟಿರಲಾರದು ಎಂದು ನಾನೂ ನಂಬಿದೆ. ಕಿವಿ ಸರಿಯಿದ್ದರೆ ಎದೆಯೇ ಕಲ್ಲಾಗಿರಬೇಕು ಅನ್ನಿಸಿತು. ಏಳು ತಿಂಗಳು ಅಂಥವನಿಗೆ ಅಡುಗೆ ಮಾಡಿ ಬಡಿಸಿದೆ.

ಹೋದ ವಾರ ಮಧ್ಯಾಹ್ನ ನಾನು ಒಲೆಯ ಹತ್ತಿರ ಜೋಳದ ತೆನೆ ಬೇಯಿಸುತ್ತಿದ್ದೆ. ಇವನು ಮೇಜಿನ ಮುಂದೆ ಕೂತು ಬ್ಯಾಂಕಿನವರ ಮೇಲೆ ಹರಿಹಾಯುತ್ತಿದ್ದ. "ಚಳಿಗಾಲದಿಂದ ಎಂಬತ್ತೆರಡರ ತಾಮ್ರ ಕಮ್ಮಿಯಾಗ್ತಾ ಬಂತು. ಈಗ ಮೂರು ವಾರದಿಂದ ಒಂದೂ ಇಲ್ಲ! ಕಳ್ರು, ಅವ್ರೇ ಆರಿಸ್ಕೊಂಡು ನಂಗೆ ಕಸ ಕೊಡ್ತಿದಾರೆ."

ಹೇಳುತ್ತಲೇ ಒಂದನ್ನು ಬೀಳಿಸಿದ. ಟಿಣ್ ಎಂದಿತು. ಎತ್ತಿ ಸತುವಿನ ಬಕೆಟ್ಟಿಗೆ ಎಸೆದ. ಇನ್ನೊಂದೂ ಟಿಣ್ ಎಂದಿತು. ಅದೂ ಬಕೆಟ್ಟಿಗೆ.

"ಅಯ್ಯೋ, ಅದು ತಾಮ್ರ!"

"ಏನಂದೆ?"

"ತಾಮ್ರ ಕಣೋ, ತಾಮ್ರ!"

"ನಿಂಗೇನು ಗೊತ್ತು? ಜೋಳ ನೋಡ್ಕೋ ಹೋಗು."

ನನಗೆ ರೇಗಿಹೋಯಿತು. ಬ್ರೆಡ್ಡಿಗೆ ಹಾಕುವ ಈಸ್ಟ್ ತೂಗಲು ತರಿಸಿಕೊಂಡಿದ್ದ ಪುಟ್ಟ ತಕ್ಕಡಿಯನ್ನು ತಂದು ಅವನ ಮುಂದೆ ಕುಕ್ಕಿದೆ. ಬಕೆಟ್ಟಿನಿಂದ ಎಂಬತ್ತೆರಡರದ್ದೊಂದು ಹೆಕ್ಕಿ ಇಟ್ಟೆ. ಮೂರು ಪಾಯಿಂಟ್ ಒಂದು. ಇನ್ನೊಂದು, ಅದೂ ಅಷ್ಟೇ.

"ನಿನ್ನ ತಕ್ಕಡಿ ಕೆಟ್ಟಿದೆ" ಎಂದ. ತಾನೇ ತೊಂಬತ್ತೈದರದ್ದು ಇಟ್ಟ. ಎರಡೂವರೆ. ಅರವತ್ತೈದರದ್ದು ಇಟ್ಟ. ಮೂರು ಪಾಯಿಂಟ್ ಒಂದು. ತಕ್ಕಡಿ ಕೆಟ್ಟಿರಲಿಲ್ಲ. ಬಕೆಟ್ಟಿನಿಂದ ಎಂಬತ್ತೆರಡರವನ್ನು ಆರಿಸಿ ಆರಿಸಿ ಇಡತೊಡಗಿದ. ಅರ್ಧಕ್ಕರ್ಧ ತಾಮ್ರವೇ. ಆಮೇಲೆ ತಲೆಯನ್ನು ಮೇಜಿಗೆ ಒರಗಿಸಿ, ಕಿವಿಯ ಪಕ್ಕದಲ್ಲೇ ಒಂದನ್ನು ಬೀಳಿಸಿ ನನ್ನ ಮುಖ ನೋಡಿದ.

"ಟಿಣ್ ಅಂತ ಸದ್ದು ಬಂತಾ?"

"ಬಂತು."

ಮತ್ತೆ ಬೀಳಿಸಿದ. "ಈಗ?"

"ಬಂತು ಡೆಲ್."

ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ. ಏಳು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ನನ್ನ ಬಾಯಿಗೆ ಬಂದು ಅಲ್ಲೇ ನಿಂತಿತು. ಈ ದರಿದ್ರ ತಕ್ಕಡಿಯನ್ನು ಫೆಬ್ರವರಿಯಲ್ಲೇ ತಂದಿಡಲು ನನಗೇನು ಧಾಡಿಯಾಗಿತ್ತು ಎಂದು ನನ್ನ ಮೇಲೇ ಸಿಟ್ಟು ಬಂತು.

"ಹಾಗಾದ್ರೆ ಮಾರ್ಲಾ ಅವತ್ತು ಹೇಳಿದ್ದು..." ಎಂದ.

"ಹೌದು. ಮಗು ಉಳೀಲಿಲ್ಲ ಅಂತಾನೇ ಹೇಳಿದ್ದು."

"ಅದಕ್ಕೆ ನಾನು..." ಎಂದವನು ಎದ್ದು ಫೋನಿನ ಹತ್ತಿರ ಹೋದ. "ಅವಳಿಗೆ ಫೋನ್ ಹಚ್ಚು. ನನ್ನ ದನಿ ಕೇಳಿದ್ರೆ ಇಟ್ಟುಬಿಡ್ತಾಳೆ. ಮೊದಲು ನೀನು ಮಾತಾಡು."

ಮಾರ್ಲಾ ಎತ್ತಿಕೊಂಡಳು. ಅಪ್ಪನಿಗೆ ಏನೋ ಹೇಳಬೇಕಂತೆ, ಒಂದು ನಿಮಿಷ ಕೇಳು ಎಂದು ಅವನ ಕೈಗೆ ಕೊಟ್ಟೆ.

"ಮಾರ್ಲಾ, ಅವತ್ತು ನಂಗೆ ಕೇಳಿಸ್ಲಿಲ್ಲ ಕಣಮ್ಮಾ. ಕಾರು ಅಂದ್ಕೊಂಡೆ. ನಂಗೆ ಕಿವಿ ಕೇಳಲ್ಲ." ಈ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಮುಖ ಕಿವಿಚಿ ಬಹಳ ಹೊತ್ತು ನಿಂತ. ಕೊನೆಗೆ ನನ್ನ ಕಡೆ ಚಾಚಿದ.

"ಏನೋ ಅಂತಿದಾಳೆ. ಗೊತ್ತಾಗ್ತಿಲ್ಲ. ನೀನು ಕೇಳಿ ಹೇಳು."

ಕಿವಿಗಿಟ್ಟುಕೊಂಡೆ.

"ಏನಂತಾಳೆ?"

"ಏನೂ ಅಂತಿಲ್ಲ. ಅಳ್ತಿದಾಳೆ!" ಎಂದು ಕಿರುಚಿದೆ.

ಅವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ.

"ಹಾಗಾದ್ರೆ ಫೋನ್ ಇಡಬೇಡ" ಎಂದ.