ತಾರೀಖಿಲ್ಲದ ಮಂಚ

ಆಸ್ಪತ್ರೆ ಮಂಚ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬುಗುರಿ ಎಂದು. ಕೆಲಸ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಅಂದರೆ ಕೂತು ಮಾಡುವಂಥದ್ದು. ಆದರೆ ಕುರ್ಚಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಯಾರಾದರೂ "ಮಂಚ ಇದ್ಯಾ?" ಎಂದರೆ ಕಂಪ್ಯೂಟರನ್ನು ನಂಬದೆ, ಫೋನನ್ನು ಮೇಜಿನ ಮೇಲೆ ಮಲಗಿಸಿ ಗೋದಾಮಿಗೆ ಓಡುವಳು. ಮಂಚವನ್ನು ಮುಟ್ಟಿ ಬಂದ ಮೇಲೆಯೇ "ಇದೆ" ಎನ್ನುವಳು.

ಅಪನಂಬಿಕೆಗೆ ಕಾರಣವಿತ್ತು. ಮಾರಾಟದವರು ತಮಗೆ ಬೇಕಾದವರ ಹೆಸರಿನಲ್ಲಿ ಮಂಚ ಕಾಯ್ದಿರಿಸಿ ಮರೆತುಬಿಡುತ್ತಿದ್ದರು. ಗೋದಾಮಿನಲ್ಲಿ ಮಂಚ ಧೂಳು ತಿನ್ನುತ್ತಿದ್ದರೂ ಕಂಪ್ಯೂಟರ್ ಇಲ್ಲ ಎನ್ನುತ್ತಿತ್ತು. ಹೊಸ ಸಾಫ್ಟ್‌ವೇರ್ ಬೇಕೆಂದು ಯಜಮಾನರ ತಲೆ ತಿಂದವಳೂ ಅವಳೇ. ಅದು ಬಂದ ದಿನ ಯಜಮಾನರು, "ಕೂಗಾಡಿದ್ದು ನೀನು ತಾನೆ? ನೀನೇ ಆರಿಸಮ್ಮ. ಸಂಜೆಯೊಳಗೆ ಆಗ್ಬೇಕು" ಎಂದು ಕೈ ತೊಳೆದುಕೊಂಡರು.

ಆರಿಸಬೇಕಾದದ್ದು, ಸರಕು ಇದೆಯೋ ಇಲ್ಲವೋ ಎಂದು ನೋಡುವ ಬಗೆಯನ್ನು. ಒಂದರಲ್ಲಿ, ಕಾಯ್ದಿರಿಸಿದ ಮಂಚವೆಲ್ಲ ಹೋದಂತೆಯೇ ಲೆಕ್ಕ. ಇನ್ನೊಂದರಲ್ಲಿ, ಕಳಿಸುವ ತಾರೀಖು ನಮೂದಿಸಿದ್ದರೆ ಮಾತ್ರ ಮಂಚ ಅವರದು. ತಾರೀಖಿಲ್ಲದ್ದು ಮೊದಲು ಕೇಳಿದವರಿಗೆ. ಎರಡನೆಯದೇ ಸರಿ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೂ ಬುಗುರಿಗೆ ಬೆಳಗಿನಿಂದ ಅದೇ ಕೆಲಸ: ಮೌಸ್ ಹಿಡಿಯುವುದು, ಏಳುವುದು, ನೀರು ಕುಡಿಯುವುದು, ಮತ್ತೆ ಬಂದು ಕೂರುವುದು.

ಯಾಕೆಂದರೆ ತಾರೀಖಿಲ್ಲದ ಮಂಚಗಳಲ್ಲಿ ಒಂದು ಅವಳ ಅಮ್ಮನದು. ತಿರುಪು ತಿರುಗಿಸಿದರೆ ತಲೆಯ ಕಡೆ ಮೇಲೇಳುವಂಥದ್ದು. ಆ ಬಗೆಯದು ಉಳಿದಿದ್ದೇ ಒಂದು. ಅಮ್ಮ ಆಸ್ಪತ್ರೆ ಸೇರಿದ ದಿನವೇ ಬುಗುರಿ ಅದಕ್ಕೆ ಅಮ್ಮನ ಹೆಸರು ಹಾಕಿಸಿದ್ದಳು. ಮನೆಗೆ ಯಾವಾಗ ಎಂದರೆ ಡಾಕ್ಟರು "ನೋಡೋಣ" ಎನ್ನುತ್ತಿದ್ದರು. ಮಂಚ ಅಲ್ಲಿರುವ ತನಕ ಅಮ್ಮ ಬಂದೇ ಬರುತ್ತಾಳೆ ಎಂದು ಅವಳು ನಂಬಿಕೊಂಡಿದ್ದಳು. ಬಿಟ್ಟುಕೊಟ್ಟರೆ?

ಅಮ್ಮನ ಹೆಸರಿನ ಮುಂದೆ ಯಾವುದೋ ಒಂದು ತಾರೀಖು ಹಾಕಿಯೂ ನೋಡಿದಳು, ಅಳಿಸಿದಳು. ಮಾರಾಟದವರನ್ನು ಬೈದ ಬಾಯಿ ಇದೇ ಅಲ್ಲವೇ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಫೋನು. ಯಾರೋ ಗಂಡಸು.

"ಮೇಡಂ, ತಲೆ ಕಡೆ ಎತ್ತೋ ಮಂಚ ಇದ್ಯಾ? ನಮ್ಮಪ್ಪನ್ನ ಇವತ್ತೇ ಮನೆಗೆ ಕಳಿಸ್ತಿದ್ದಾರೆ. ಮಟ್ಟಸವಾಗಿ ಮಲಗಿದ್ರೆ ಉಸಿರು ಕಟ್ಟುತ್ತೆ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ, ಕಾಯಿಸ್ಬೇಡಿ."

ಈ ಸಲ ಬುಗುರಿ ಗೋದಾಮಿಗೆ ಓಡಲಿಲ್ಲ. ಎರಡನೆಯ ಬಗೆಯನ್ನೇ ಒತ್ತಿದಳು. ಪರದೆಯ ಮೇಲೆ ಅಮ್ಮನ ಹೆಸರು ಮಾಯವಾಗಿ 'ಇದೆ' ಎಂದು ಬಂತು.

"ಇದೆ," ಎಂದಳು. ಮಂಚ ಲಾರಿ ಹತ್ತುವುದನ್ನು ನೋಡಲಾರದೆ ಕಿಟಕಿಗೆ ಬೆನ್ನು ಹಾಕಿ ನಿಂತಳು.

ಲಾರಿ ಗೇಟು ದಾಟಿತೋ ಇಲ್ಲವೋ, ಆಸ್ಪತ್ರೆಯಿಂದ ತಮ್ಮನ ಫೋನು. ಎತ್ತುವ ಮೊದಲು ಅವಳು ಎರಡು ರಿಂಗ್ ಬಿಟ್ಟಳು.

"ಅಕ್ಕಾ, ಅಮ್ಮನ್ನ ನಾಳೆ ಕರ್ಕೊಂಡು ಹೋಗಿ ಅಂದ್ರು ಡಾಕ್ಟ್ರು! ಮಂಚ ಕಳಿಸ್ತೀಯಲ್ಲ?"

ಬುಗುರಿ ಪರದೆಯಲ್ಲಿ ಹುಡುಕಿದಳು. 'ಇಲ್ಲ' ಎಂದಿತು. ಎಷ್ಟೋ ಕಾಲದ ಮೇಲೆ ಆ ಕಂಪ್ಯೂಟರಿನ 'ಇಲ್ಲ' ನಿಜವಾಗಿತ್ತು. ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು.

"ಮಂಚ ಹೋಯ್ತು ಕಣೋ. ಹೋಗ್ಲಿ ಬಿಡು, ಅಮ್ಮ ಬರ್ತಾಳಲ್ಲ! ನನ್ನ ಮಂಚದ ತಲೆಗಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ರಾಯ್ತು. ಇಟ್ಟಿಗೆ ಹುಡುಕಿಡು, ಬಂದೆ."

ಚಪ್ಪಲಿ ಮೆಟ್ಟಿಕೊಂಡು ಓಡಿದಳು.