ತೊಂಬತ್ತಮೂರರ ಅಜ್ಜಿಗೆ ಪೋಷಕರ ಸಹಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಮಕ್ಕಳಾಗಿದ್ದವರ ನೆನಪು ಬರೆದುಕೊಂಡು ಬರಲು ನಮ್ಮ ಮಕ್ಕಳ ಹಕ್ಕಿನ ಸಂಸ್ಥೆಯವರು ಚಿಕ್ಕ ಮಕ್ಕಳಿಗೆಂದು ಮಾಡಿದ್ದ ಹಳೇ ಫಾರಂ ಅನ್ನೇ ಕೊಟ್ಟು ಕಳಿಸಿದ್ದರು. ಅದನ್ನು ಹಿಡಿದು, ಮೈಸೂರಿನ ಬೋಗಾದಿಯಲ್ಲಿ ಮಗಳ ಜೊತೆಗಿರುವ ಫಿಲೋಮಿನಾ ಅಜ್ಜಿಯನ್ನು ನೋಡಲು ಹೋದೆ. ಅಜ್ಜಿಗೆ ತೊಂಬತ್ತಮೂರು.

“ಯುದ್ಧದಿಂದ ನಿಮಗೇನು ತೊಂದರೆ ಆಯ್ತಜ್ಜಿ?”

“ಬಾಂಬು ಗೀಂಬು ಏನೂ ಮೈಸೂರಿಗೆ ಬರ್ಲಿಲ್ಲ ಕಣಪ್ಪ. ಸಕ್ಕರೆ ಹೋಯ್ತು. ಎಲ್ಲಾ ರೇಷನ್ನು. ಒಂದು ಕ್ರಿಸ್‌ಮಸ್‌ಗೆ ನಮ್ಮಮ್ಮ ಹಬ್ಬದ ಸಿಹಿ ಕುಲ್ಕುಲ್‌ನ ಸಪ್ಪೆಯಾಗೇ ಕರಿದುಬುಟ್ರು. ಚರ್ಚಲ್ಲಿ ಪೂಜೆ ಮುಗಿಯೋವರೆಗೂ ಅತ್ತೆ. ದೊಡ್ಡೋರ ಜಗಳಕ್ಕೆ ನನ್ನ ತಿಂಡಿ ಯಾಕೆ ಸಪ್ಪೆ ಆಗ್ಬೇಕು ಅಂತ ಯಾರೂ ಹೇಳ್ಲಿಲ್ಲ.”

ಆ ಮಾತನ್ನು ಹಾಗೇ ಬರೆದುಕೊಂಡೆ. ಎಲ್ಲ ಮುಗಿಯಿತು ಅನ್ನುವಾಗ ಕೊನೆಯಲ್ಲಿ ‘ಪೋಷಕರ ಸಹಿ’ ಅನ್ನುವ ಸಾಲು ಕಂಡಿತು. ಖಾಲಿ ಬಿಟ್ಟರೆ ನಮ್ಮ ಆಫೀಸಿನಲ್ಲಿ ಫಾರಂ ತೆಗೆದುಕೊಳ್ಳುವುದಿಲ್ಲ. ನಾಚಿಕೆಯಾದರೂ ಅಜ್ಜಿಗೆ ಹೇಳಿದೆ.

“ನಮ್ಮಪ್ಪ ಅಮ್ಮ ಹೋಗಿ ಐವತ್ತು ವರ್ಷ ಆಯ್ತಲ್ಲಪ್ಪ” ಅಂದವರು, ಕಾಫಿ ತಂದ ಮಗಳ ಕಡೆ ತಿರುಗಿದರು. ಮಗಳಿಗೂ ಅರವತ್ತೈದು ದಾಟಿರಬೇಕು. “ಇವಳೇ ಹಾಕ್ಲಿ ಬುಡು. ಈಗ ಸಕ್ಕರೆ ರೇಷನ್ನೂ ಇವಳದ್ದೇ.”

“ಡಾಕ್ಟ್ರು ಹೇಳಿರೋದಮ್ಮ” ಎಂದು ನಗುತ್ತಾ ಮಗಳು ಕನ್ನಡಕ ತರಲು ಒಳಗೆ ಹೋದರು.

ಅಷ್ಟರಲ್ಲಿ ಅಜ್ಜಿ ತಮ್ಮ ಲೋಟವನ್ನು ನನ್ನ ಕಡೆ ಸರಿಸಿ, ನನ್ನದನ್ನು ಎತ್ತಿಕೊಂಡು ಗಟಗಟ ಕುಡಿದುಬಿಟ್ಟರು. ಮಗಳು ಬಂದು ಪೋಷಕರ ಜಾಗದಲ್ಲಿ ಸಹಿ ಹಾಕುತ್ತಿದ್ದಾಗ ನಾನು ಮುಖ ಕಿವುಚದೆ ಸಪ್ಪೆ ಕಾಫಿ ಮುಗಿಸುತ್ತಿದ್ದೆ.

ಮಕ್ಕಳ ಹಕ್ಕಿಗಾಗಿ ಆವತ್ತು ನಾನು ಮಾಡಿದ್ದು ಅಷ್ಟೇ. ಅದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ.