ಬಟ್ಟಲಿನ ಸಾಲಿನಲ್ಲಿ ನನ್ನ ಕೆಮ್ಮು

ಮೊದಲು ಕಂಡದ್ದು ಸೀಮೆಸುಣ್ಣದ ತುಂಡಿನ ಮೇಲೆ.

ಸವಣೂರಿನ ನಮ್ಮ ಪ್ರಾರ್ಥನಾಲಯದ ಬಾಗಿಲ ಪಕ್ಕ ಒಂದು ಕರಿ ಹಲಗೆ ಇದೆ. ಮಿಶನ್ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ದಿನಾ ಮುಂಜಾನೆ ಅದರ ಮೇಲೆ ಒಂದು ವಾಕ್ಯವನ್ನೂ ಅದರ ಕೆಳಗೆ ನನ್ನದೇ ಮೂರು ನಾಲ್ಕು ಸಾಲು ಧ್ಯಾನವನ್ನೂ ಬರೆಯುವುದು ನನ್ನ ಕೆಲಸವಾಗಿತ್ತು. ಸಂತೆಗೆ ಹೋಗುವವರೂ ನಿಂತು ಓದುತ್ತಿದ್ದರು. ಅಂದು ಯೇಸುವನ್ನು ಹಿಂಬಾಲಿಸುವುದರ ಬಗ್ಗೆ ಏನೋ ಬರೆಯುತ್ತಿದ್ದೆ. ಕೆಮ್ಮು ಬಂತು. ಕೈ ಅಡ್ಡ ಹಿಡಿದೆ. ಕೈ ತೆಗೆದಾಗ ಸುಣ್ಣದ ತುಂಡು ಕೆಂಪಾಗಿತ್ತು.

ನಾನು ಎಲೆ ಅಡಿಕೆ ಹಾಕುವವನಲ್ಲ.

ಸವಣೂರಿನಲ್ಲಿ ಎಲೆ ಹಾಕದವರು ಕಡಿಮೆ. ನಾನು ಮಾತ್ರ ಅದರ ವಿರುದ್ಧ ಹಲಗೆಯ ಮೇಲೆ ಎಷ್ಟೋ ಸಲ ಬರೆದವನು. ಅದೇ ದಿನ ಮಧ್ಯಾಹ್ನ ಪೇಟೆಗೆ ಹೋಗಿ ಒಂದು ಕಟ್ಟು ಎಲೆ, ಅಡಿಕೆ, ಸುಣ್ಣ ತಂದೆ. ಹೆಂಡತಿ ಲೇಯವ್ವ ನೋಡಿ ನಕ್ಕಳು. ಮುಪ್ಪಿನಾಗ ಚಟ ಹತ್ತೇತಿ ನೋಡು, ಅಂದಳು. ಹಲ್ಲು ನೋವಿಗೆ ಎಂದು ಹೇಳಿದೆ. ಅಂದಿನಿಂದ ನನ್ನ ಉಗುಳು ಯಾವಾಗಲೂ ಕೆಂಪಾಗಿರುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂಬುದನ್ನು ಈಗಲೇ ಹೇಳಿಬಿಡಬೇಕು. ಅದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕಾಗುತ್ತದೆ.

ನಮ್ಮ ಸಭೆ ಸಣ್ಣದು. ತಿಂಗಳಿಗೊಮ್ಮೆ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯ ಚೂರು, ದ್ರಾಕ್ಷಾರಸ. ಎಲ್ಲರಿಗೂ ಒಂದೇ ಬಟ್ಟಲು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬಟ್ಟಲು ಹಿಡಿದು ಸಾಲಿನ ಮುಂದೆ ಬರುತ್ತಾರೆ. ಸಭೆಯ ಹಿರಿಯನಾದ ನಾನು ಮೊದಲು ಕುಡಿದು, ಆಮೇಲೆ ಬಿಳಿ ವಸ್ತ್ರ ಹಿಡಿದು ಪ್ರತಿಯೊಬ್ಬರ ನಂತರ ಬಟ್ಟಲಿನ ಅಂಚು ಒರೆಸುತ್ತಾ ಹೋಗುತ್ತಿದ್ದೆ. ಹತ್ತಿಮತ್ತೂರಿನಿಂದ ನಡೆದು ಬರುವ ರೂತವ್ವ ಎಂಬ ವಿಧವೆ ಸಭೆಗೆ ಹೊಸದಾಗಿ ಸೇರಿದಾಗ ಸಾಲಿನ ನಡುವೆ ನಿಲ್ಲುತ್ತಿದ್ದರು. ಅವರು ಊರ ಹೊರಗಿನ ಕೇರಿಯವರು. ಅವರ ನಂತರ ಕುಡಿಯುವುದಕ್ಕೆ ಕೆಲವರ ಮನಸ್ಸು ಒಪ್ಪಲಿಲ್ಲ. ಅದರಲ್ಲೂ ಖಾರದ ಅಂಗಡಿಯ ಸಮುವೇಲಪ್ಪನವರ ಮನೆಯವರದು. ಎರಡು ತಲೆಮಾರಿನ ಹಿಂದೆ ಒಕ್ಕಲುತನದ ದೊಡ್ಡ ಮನೆಯಿಂದ ಸಭೆಗೆ ಬಂದವರು ಅವರು. ಬಾಯಿ ಬಿಟ್ಟು ಹೇಳಲಿಲ್ಲ. ಎರಡು ಸಲ ಭೋಜನದ ದಿನ ಬರಲಿಲ್ಲ, ಅಷ್ಟೆ.

ಆ ವರ್ಷ ಜೋಳ ತೂರುವ ಧೂಳಿಗೆ ರೂತವ್ವನವರಿಗೆ ಕೆಮ್ಮು ಹತ್ತಿತು. ನನಗೆ ದಾರಿ ಸಿಕ್ಕಿತು. ಕೆಮ್ಮು ಇದ್ದವರು ಬಟ್ಟಲನ್ನು ಕಡೆಗೆ ತೆಗೆದುಕೊಳ್ಳಬೇಕು ಎಂದು ನಿಯಮ ಮಾಡಿದೆ. ಎಲ್ಲರ ಆರೋಗ್ಯಕ್ಕಾಗಿ, ಎಂದೆ. ಅಯ್ಯನವರೂ ಒಪ್ಪಿದರು. ಸುಗ್ಗಿ ಮುಗಿಯಿತು, ಅವರ ಕೆಮ್ಮೂ ಹೋಯಿತು. ಅವರು ಮತ್ತೆ ನಡುವೆ ಬಂದು ನಿಂತ ದಿನ ನಾನು ಮೆಲ್ಲಗೆ, 'ನೀ ಕಡೀಕ ಇರು' ಎಂದೆ. ನನ್ನ ವಯಸ್ಸಿನವರೇ. ಆದರೂ ನಾನು ನೀ ಎನ್ನುತ್ತಿದ್ದೆ. ಅವರು ಬಾಗಿಲ ಹತ್ತಿರ ಹೋಗಿ ನಿಂತರು. ಅಲ್ಲೇ ಉಳಿದರು.

ಈಗ ಕೆಮ್ಮು ನನಗೆ ಬಂದಿತ್ತು. ನನ್ನದೇ ನಿಯಮದ ಪ್ರಕಾರ ನಾನು ಹೋಗಿ ರೂತವ್ವನವರ ಪಕ್ಕ ನಿಲ್ಲಬೇಕಾಗಿತ್ತು. ಅದೊಂದನ್ನು ತಪ್ಪಿಸಿಕೊಳ್ಳುವುದಕ್ಕೆ ಎಲೆ ಜಗಿದೆ. ಕ್ಷಯ ಎಂಬ ಹೆದರಿಕೆ ಇರಲಿಲ್ಲವೆಂದಲ್ಲ. ಆ ಹೆದರಿಕೆಗಿಂತ ಸಾಲಿನ ಕೊನೆಯ ಹೆದರಿಕೆ ದೊಡ್ಡದಾಗಿತ್ತು.

ನಾಲ್ಕು ತಿಂಗಳು ಹೀಗೆ ನಡೆಯಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅಂಗಿ ಸಡಿಲಾಯಿತು. ಯುದ್ಧದ ಕಾಲ, ಎಲ್ಲರೂ ಸೊರಗಿದ್ದರು, ಯಾರಿಗೂ ವಿಶೇಷವೆನಿಸಲಿಲ್ಲ. ನಾಲ್ಕು ಭೋಜನ. ನಾಲ್ಕು ಸಲವೂ ನಾನೇ ಮೊದಲು ಕುಡಿದೆ. ಅಂಚನ್ನು ಮಾತ್ರ ಬಹಳ ಎಚ್ಚರಿಕೆಯಿಂದ ಒರೆಸಿದೆ. ಆ ಎಚ್ಚರಿಕೆಯನ್ನು ನಾನು ಭಕ್ತಿ ಎಂದುಕೊಂಡೆ.

ಐದನೆಯ ತಿಂಗಳ ಭೋಜನದ ಭಾನುವಾರ, ಆರಾಧನೆಗೆ ಮುಂಚೆ, ಪ್ರಾರ್ಥನಾಲಯದ ಹಿಂದಿನ ಗೋಡೆಯ ಬಳಿ ಉಗುಳಿದೆ. ತಿರುಗಿದರೆ ರೂತವ್ವ ಕಾಲು ತೊಳೆಯುತ್ತಿದ್ದರು. ನೆಲವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಗಂಡ ಸತ್ತದ್ದು ಇದೇ ರೋಗದಲ್ಲಿ.

"ಮಾಸ್ತರ್ರ, ಅದು ಎಲಿ ಕೆಂಪ ಅಲ್ಲರಿ," ಅಂದರು. ನೊರಿ ಬಂದೈತಿ, ದವಾಖಾನಿಗೆ ಹೋಗ್ರಿ ಎಂದೂ ಹೇಳಿದರು. ನಾನು ಎಲೆಗೆ ಸುಣ್ಣ ಹೆಚ್ಚಾಯಿತೆಂದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದರು:

"ಹಂಗಾರ ಇವತ್ತ ನೀವು ಕಡೀಕ ನಿಂದರ್ರಿ. ನಾ ಮುಂದ ನಿಂದರತೇನಿ."

ನಾನು ಕೇಳಿಸದವನಂತೆ ಒಳಗೆ ಹೋದೆ. ಮೊದಲು ಕುಡಿದೆ.

ಬಟ್ಟಲು ಸಾಲಿನ ಕೊನೆಗೆ ಬಂದಾಗ ರೂತವ್ವ ಕೈ ಮುಗಿದು ಕೂತುಬಿಟ್ಟರು. ಕುಡಿಯಲಿಲ್ಲ. ಯಾಕೆಂದು ಅಯ್ಯನವರು ಕೇಳಿದರೆ ಸುಮ್ಮನೆ ತಲೆ ಅಲ್ಲಾಡಿಸಿದರು. ಸಭೆಯಲ್ಲಿ ಗುಜುಗುಜು ಆಯಿತು. ಮತ್ತೆ ಹಳೆಯ ದೇವರಿಗೆ ನಡೆದುಕೊಂಡಿರಬೇಕು ಎಂದರು ಕೆಲವರು. ಕಾರಣ ಗೊತ್ತಿದ್ದವನು ನಾನೊಬ್ಬನೇ. ಹಿರಿಯರ ಕೂಟದಲ್ಲಿ ಅವರ ಮೇಲೆ ತಡೆ ಹಾಕಬೇಕೆಂಬ ಮಾತು ಬಂತು. ತಡೆ ಎಂದರೆ, ತಪ್ಪೊಪ್ಪುವ ತನಕ ಬಟ್ಟಲು ಇಲ್ಲ. ನಾನು ಒಪ್ಪಿ ಸಹಿ ಮಾಡಿದೆ. ಮರುದಿನ ಹಲಗೆಯ ಮೇಲೆ ಕರ್ತನು ಕೊಟ್ಟದ್ದನ್ನು ತಳ್ಳುವವರ ವಿಷಯ ನಾಲ್ಕು ಸಾಲು ಬರೆದೆ. ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ.

ಆ ಸಾಲುಗಳ ಅಕ್ಷರ ಎಂದಿನಷ್ಟೇ ದುಂಡಗೆ ಬಂದವು. ಅದನ್ನೂ ಹೇಳಬೇಕು.

ತಡೆಯ ಪತ್ರವನ್ನು ಅವರಿಗೆ ಓದಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಚಕ್ಕಡಿಯಲ್ಲಿ ಹತ್ತಿಮತ್ತೂರಿಗೆ ಹೋದೆ. ಅವರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು, ಕುಂದರ್ರಿ ಎಂದು ಚಾಪೆ ಹಾಸಿದರು. ನಾನು ನಿಂತೇ ಓದಿದೆ. ಅವರು ಕೊನೆಯವರೆಗೂ ಕೇಳಿದರು.

"ಬರದದ್ದು ಚಲೋ ಐತ್ರಿ," ಅಂದರು. "ಆದ್ರ ಇದನ್ನ ಯಾರಿಗೆ ಬರದೀರಿ?"

ಉತ್ತರ ಕೊಡಲು ಬಾಯಿ ತೆರೆದೆ. ಎದೆಯೊಳಗೆ ಏನೋ ಬೆಚ್ಚಗೆ ಉಕ್ಕಿತು.

ರಕ್ತ.

ಒಂದು ತಂಬಿಗೆಯಷ್ಟು ಇದ್ದಿರಬೇಕು. ಅಂಗಳದ ಜೋಳದ ಮೇಲೆ ಬಿತ್ತು. ರೂತವ್ವ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು, ಎದೆಯ ಮೇಲೆ ತಣ್ಣೀರಿನ ಬಟ್ಟೆ ಇಟ್ಟರು, ಮಾತಾಡಬ್ಯಾಡ್ರಿ ಎಂದರು. ಚಕ್ಕಡಿಯಲ್ಲಿ ಹುಲ್ಲು ಹಾಸಿಸಿ ಲೇಯವ್ವನಿಗೆ ಹೇಳಿಕಳಿಸಿದರು. ಅಲ್ಲಿಂದ ಸ್ಟೇಶನ್ನು, ಸ್ಟೇಶನ್ನಿನಿಂದ ಮಿಶನ್ ಆಸ್ಪತ್ರೆ. ದಾರಿ ನನಗೆ ನೆನಪಿಲ್ಲ.

ಎಕ್ಸ್-ರೇ ತೆಗೆದರು. ಕಫದ ಪರೀಕ್ಷೆ ಮಾಡಿದರು, ಸ್ಪ್ಯೂಟಮ್ ಪಾಸಿಟಿವ್ ಬಂತು, ಕ್ಷಯವೇ. ಎರಡೂ ಲಂಗ್ಸಿಗೆ ಹತ್ತಿದೆ, ಗಂಟಲಿಗೂ ಹಬ್ಬಿದೆ ಎಂದರು ಡಾಕ್ಟರಬಾಯಿ. ಮೀರಜದ ಕಡೆಯವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಈ ರೋಗಕ್ಕೆ ಔಷಧಿ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ, ಬೆಡ್ ರೆಸ್ಟ್, ಗಾಳಿ, ಹಾಲು, ಮೊಟ್ಟೆ, ಮೀನಿನ ಎಣ್ಣೆ, ಅಷ್ಟೇ ಎಂದರು. ಗಂಟಲಿನ ಸಲುವಾಗಿ ಆರು ವಾರ ಒಂದು ಮಾತೂ ಆಡಬಾರದು. ಪಿಸುಮಾತೂ ಇಲ್ಲ. ಒಂದು ಪಾಟಿ, ಒಂದು ಬಳಪ ಕೊಟ್ಟರು.

ಮೂವತ್ತು ವರ್ಷ ಮಾತಿನಿಂದ ಬದುಕಿದವನು ನಾನು. ವೆರಾಂಡಾದ ಮಂಚದ ಮೇಲೆ ಸುಮ್ಮನೆ ಬಿದ್ದುಕೊಂಡೆ. ಪ್ರಾರ್ಥಿಸಲು ಹೋದರೆ ಪ್ರಾರ್ಥನೆ ಬರಲಿಲ್ಲ. ಸಭೆಯಲ್ಲಿ ಅಷ್ಟು ಸರಾಗವಾಗಿ ಬರುತ್ತಿದ್ದ ಮಾತುಗಳು, ಕೇಳುವವರು ಯಾರೂ ಇಲ್ಲವೆಂದ ಕೂಡಲೇ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಬಹಳ ದಿನ ಯೋಚಿಸಿದ ಮೇಲೆ ತಿಳಿಯಿತು, ಅವು ದೇವರ ಕಡೆಗೆ ಹೋಗುತ್ತಲೇ ಇರಲಿಲ್ಲ, ಮೊದಲ ಸಾಲಿನ ತನಕ ಹೋಗಿ ಅಲ್ಲೇ ನಿಲ್ಲುತ್ತಿದ್ದವು. ದಿನಕ್ಕೊಂದು ಧ್ಯಾನ ಬರೆದೆ. ಯೇಸುವಿನ ಹಿಂದೆ ನಡೆಯುವುದೆಂದರೆ ಏನೆಂದು ನೂರು ರೀತಿಯಲ್ಲಿ ಬೇರೆಯವರಿಗೆ ತಿಳಿಸಿದೆ. ನಾನು ಹಲಗೆಯ ಮುಂದಿನಿಂದ ಒಂದು ಹೆಜ್ಜೆಯನ್ನೂ ಎತ್ತಿಟ್ಟಿರಲಿಲ್ಲ.

ಮೊದಲ ವಾರದಲ್ಲೇ ಡಾಕ್ಟರಬಾಯಿ ಕೇಳಿದ್ದರು, ನಿಮ್ಮ ಲೋಟದಲ್ಲಿ ಮತ್ತೆ ಯಾರು ಕುಡಿಯುತ್ತಾರೆ ಎಂದು. ಪಾಟಿಯ ಮೇಲೆ ಬರೆದೆ: ಯಾರೂ ಇಲ್ಲ.

ಹತ್ತು ದಿನವಾದ ಮೇಲೆ ನನ್ನಿಂದ ಮೂರನೆಯ ಮಂಚಕ್ಕೆ ಹೊಸ ಪೇಶಂಟನ್ನು ತಂದರು. ಕಂಬಳಿಯಿಂದ ಮುಖ ಹೊರಗೆ ಮಾಡಿ ಅವನು ನನ್ನನ್ನು ನೋಡಿದ. ಖಾರದ ಅಂಗಡಿಯ ಸಮುವೇಲಪ್ಪ. ಸಾಲಿನಲ್ಲಿ ಯಾವಾಗಲೂ ನನ್ನ ನಂತರ ನಿಲ್ಲುತ್ತಿದ್ದವನು.

"ಮಾಸ್ತರ್ರ," ಅಂದ, "ಇಲ್ಲೂ ನಿಮ್ಮ ಹಿಂದನ ಬಂದೆ ನೋಡ್ರಿ."

ಅವನು ತಮಾಷೆಗೇ ಹೇಳಿದ್ದು. ಅವನಿಗೆ ಏನೂ ಗೊತ್ತಿರಲಿಲ್ಲ.

ರೌಂಡ್ಸಿಗೆ ಡಾಕ್ಟರಬಾಯಿ ಬಂದಾಗ ಪಾಟಿ ಒರೆಸಿ ಬರೆದೆ: ನಮ್ಮ ಸಭೆಯ ಮೂವತ್ತೆರಡು ಮಂದಿ. ಅವರು ಓದಿದರು. ಹೇಗೆ ಎಂದು ಕೇಳಿದರು. ಅದನ್ನೂ ಬರೆದೆ. ಇವನಿಗೆ ನನ್ನಿಂದ ಬಂತೇ ಎಂದೂ ಬರೆದೆ. ಹೌದೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು, ಎಂದರು. ಕಾಗದ ಇವತ್ತೇ ಬರೆಯಿರಿ, ನಾಳೆ ಎನ್ನಬೇಡಿ, ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಅಯ್ಯನವರಿಗೆ ಕಾಗದ ಬರೆದೆ. ಎಲ್ಲರನ್ನೂ ತಪಾಸಣೆ ಮಾಡಿಸಿದರಂತೆ. ಲೇಯವ್ವನಿಗೆ ಏನೂ ಇಲ್ಲ. ಇಬ್ಬರನ್ನು ಆರು ತಿಂಗಳು ನೋಡಬೇಕೆಂದರಂತೆ. ಸಮುವೇಲಪ್ಪನಿಗೆ ನಾನೇ ಪಾಟಿಯ ಮೇಲೆ ಬರೆದು ತೋರಿಸಿದೆ. ಅವನು ಓದಿ ಗೋಡೆಯ ಕಡೆ ಹೊರಳಿದ. ಹದಿನೈದು ದಿನ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಒಂದು ಮುಂಜಾನೆ, ನಿಮ್ಮ ಪಾಲಿನ ಮೊಟ್ಟಿ ಉಳದೈತೇನ್ರಿ ಎಂದು ಕೇಳಿದ. ಕೊಟ್ಟೆ. ಅದಕ್ಕಿಂತ ಹೆಚ್ಚಿನ ಮಾತು ನಮ್ಮಲ್ಲಿ ಆಗಲಿಲ್ಲ.

ಆದರೆ ಆ ಕಾಗದದಲ್ಲಿ ರೋಗದ ಸುದ್ದಿ ಮಾತ್ರ ಇತ್ತು. ರೂತವ್ವನವರ ಸುದ್ದಿ ಇರಲಿಲ್ಲ. ರೋಗವನ್ನು ಒಪ್ಪಿಕೊಳ್ಳುವುದು ಸುಲಭ, ಅದು ನಾನು ಮಾಡಿದ್ದಲ್ಲ.

ಎಂಟು ತಿಂಗಳ ನಂತರ ಮನೆಗೆ ಕಳಿಸಿದರು. ಸಮುವೇಲಪ್ಪ ಅಲ್ಲೇ ಉಳಿದ. ಎದೆಗೂಡಿನೊಳಗೆ ಗಾಳಿ ತುಂಬಿ ರೋಗ ಹತ್ತಿದ ಲಂಗ್ಸಿಗೆ ವಿಶ್ರಾಂತಿ ಕೊಡುವ ಎ.ಪಿ. ಚಿಕಿತ್ಸೆ ಅವನಿಗೆ ನಡೆದಿತ್ತು. ನನಗೆ ಬೇರೆ ತಾಟು, ಬೇರೆ ಲೋಟ, ಹೊರಗಿನ ಕಟ್ಟೆಯ ಮೇಲೆ ಹಾಸಿಗೆ. ಜನ ಕೂಡಿದಲ್ಲಿ ಹೋಗಬಾರದು. ದನಿ ತಿರುಗಿ ಬರಲಿಲ್ಲ, ಉಸಿರಿನಷ್ಟೇ ಉಳಿದಿದೆ.

ರೂತವ್ವನವರ ತಡೆ ಏನಾಯಿತು ಎಂದು ಲೇಯವ್ವನನ್ನು ಕೇಳಿದೆ. ಹಾಗೇ ಇದೆ ಎಂದಳು. ವಾರ ವಾರ ನಡೆದು ಬರುತ್ತಾರೆ, ಬಾಗಿಲ ಬಳಿ ಕೂರುತ್ತಾರೆ, ಬಟ್ಟಲು ಬರುವ ಮೊದಲು ಎದ್ದು ಹೊರಗೆ ಹೋಗುತ್ತಾರೆ. ನನ್ನ ರೋಗದ ಸುದ್ದಿ ಎಲ್ಲರಿಗೂ ಗೊತ್ತಿದ್ದರೂ ಅದಕ್ಕೂ ಇದಕ್ಕೂ ಯಾರೂ ಗಂಟು ಹಾಕಿರಲಿಲ್ಲ. ನಾನು ಎಲ್ಲವನ್ನೂ ಲೇಯವ್ವನಿಗೆ ಹೇಳಿದೆ. ಅವಳು ಮರುದಿನ ತಾನೇ ಹತ್ತಿಮತ್ತೂರಿಗೆ ಹೋಗಿ ಬಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ರೂತವ್ವ, ಹೇಳೂ ಬಾಯಿ ಮಾಸ್ತರ್ದು, ಅವರ ಹೇಳ್ಲಿ ಎಂದಿದ್ದರಂತೆ.

ಸಭೆಯ ಮುಂದೆ ಎಲ್ಲವನ್ನೂ ಹೇಳುತ್ತೇನೆಂದು ಅಯ್ಯನವರಿಗೆ ಹೇಳಿಕಳಿಸಿದೆ. ಅವರು ಬಂದು, ಬರೆದು ಕೊಡ್ರಿ, ನಾನು ಓದತೇನಿ ಎಂದರು. ಬರೆಯುವುದು ಬೇಡ ಎಂದೆ. ಬರೆದರೆ ಚೆನ್ನಾಗಿ ಬರೆದುಬಿಡುತ್ತೇನೆ ಎಂಬ ಭಯ ನನಗಿತ್ತು.

ಭಾನುವಾರ ಪ್ರಾರ್ಥನಾಲಯದ ಹೊರಗೆ, ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತೆ. ಹೇಳಲು ಶುರು ಮಾಡಿದೆ. ಒಳಗಿನವರಿಗೆ ಏನೂ ಕೇಳಲಿಲ್ಲ. ಬಾಗಿಲ ಬಳಿ ಕೂತಿದ್ದ ರೂತವ್ವನವರಿಗೆ ಮಾತ್ರ ಕೇಳುತ್ತಿತ್ತು. ಅವರು ಎದ್ದು ಹೊಸ್ತಿಲಲ್ಲಿ ನಿಂತರು.

"ಸಾವಕಾಶ ಹೇಳ್ರಿ," ಅಂದರು. "ನಾ ಒಳಗ ಹೇಳ್ತೇನಿ."

ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ.

ನಾನು ಒಂದು ಮಾತು ಹೇಳುವುದು, ಅವರು ತಿರುಗಿ ಒಳಗೆ ಹೇಳುವುದು. ಎಲೆ ಹಾಕಿ ರಕ್ತ ಮುಚ್ಚಿದ್ದು, ಅವರು ಎಚ್ಚರಿಸಿದ್ದು, ಅವರು ಬಟ್ಟಲು ಮುಟ್ಟದಿದ್ದುದು ಏತಕ್ಕೆಂದು ಗೊತ್ತಿದ್ದೂ ನಾನು ಸಹಿ ಮಾಡಿದ್ದು. ಏರಿಳಿತವಿಲ್ಲದ ದನಿಯಲ್ಲಿ, ಸಂತೆಯ ಧಾರಣೆ ಹೇಳಿದಂತೆ ಹೇಳಿದರು. ಆಮೇಲೆ, ಅವರನ್ನು ಮೊದಲು ಕಡೆಗೆ ನಿಲ್ಲಿಸಿದ್ದು ಕೆಮ್ಮಿನ ಕಾರಣಕ್ಕಲ್ಲ ಎಂದೆ.

"ನನ್ನ ಕಡೀಕ ನಿಂದರಿಸಿದ್ದು ಕೆಮ್ಮಿಗೆ ಅಲ್ಲಂತ," ಎಂದರು ಒಳಗೆ. ನನ್ನ ಕಡೆ ತಿರುಗಿ ಕಾದರು.

ಬೇರೆ ಕಾರಣಕ್ಕೆ, ಎಂದೆ. ಅವರು ತಿರುಗಲಿಲ್ಲ. ಹಾಗೇ ನೋಡುತ್ತಾ ನಿಂತರು. ಕೇರಿಯವರು ಎಂಬ ಕಾರಣಕ್ಕೆ, ಎಂದೆ.

"ಕೇರಿಯಾಕಿ ಅಂತ," ಎಂದರು ಒಳಗೆ.

ಕೆಲವು ವರ್ಷ ಹೀಗೆ ನಡೆಸಿದೆ, ಎಂದೆ.

"ಹನ್ನೊಂದು ವರ್ಷ," ಎಂದರು ರೂತವ್ವ.

ಸಮುವೇಲಪ್ಪನ ಹೆಂಡತಿ ಎದ್ದು, ನನ್ನನ್ನು ನೋಡದೆ ಪಕ್ಕದಿಂದ ದಾಟಿ ಹೋದರು. ಅಯ್ಯನವರು ಪ್ರಾರ್ಥನೆ ಮಾಡಿ, ತಡೆ ತೆಗೆದಿದೆ ಎಂದರು. ಹಿರಿಯರ ಪಟ್ಟಿಯಿಂದ ನನ್ನ ಹೆಸರನ್ನು ನಾನೇ ಹೊಡೆದು ಹಾಕಿಸಿದೆ.

ಆರಾಧನೆ ಬಿಟ್ಟ ಮೇಲೆ ರೂತವ್ವ ನಾನು ನಿಂತಲ್ಲಿಗೆ ಬಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಜ್ವರ ಬಿಟ್ಟಾವೇನ್ರಿ ಎಂದು ಕೇಳಿದರು. ಸಂಜೆಗೆ ಇನ್ನೂ ಸ್ವಲ್ಪ ಬರುತ್ತದೆ, ತೊಂಬತ್ತೊಂಬತ್ತರ ತನಕ, ಎಂದೆ.

"ಇಳೀತಾವ," ಎಂದರು. "ಬಿಸಿಲಾಗ ನಿಂತೀರಿ, ನೀವು ನಡೀರಿ ಮನಿಗೆ."

ಮೊದಲ ಸಲ ಅವರಿಗೆ ನೀವು ಎಂದೆ. ನೀವೂ ಹುಷಾರಾಗಿ ಹೋಗ್ರಿ, ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಆಗಲೇ ಹತ್ತಿಮತ್ತೂರಿನ ದಾರಿ ಹಿಡಿದಿದ್ದರು.